ಇಂಗ್ಲೆಂಡಿನ ಹಳ್ಳಿಯಲ್ಲಿ ಲಿಸ್ಟೆಡ್ ಮನೆ: ಕೊಳ್ಳುವ ಮೊದಲು ಏನು ನೋಡಬೇಕು?

ಪ್ರಶ್ನೆ: ಕಾಟ್ಸ್‌ವೋಲ್ಡ್ಸ್‌ನಲ್ಲಿ 18ನೇ ಶತಮಾನದ ಕಲ್ಲಿನ ಮನೆ, ಗ್ರೇಡ್ 2 ಲಿಸ್ಟೆಡ್ (ಸಂರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿದೆ). ಆಫರ್ ಒಪ್ಪಿದ್ದಾರೆ, ಎಕ್ಸ್‌ಚೇಂಜ್ (ಇಬ್ಬರನ್ನೂ ಕಟ್ಟಿಹಾಕುವ ಕರಾರು ವಿನಿಮಯ) ಆಗಿಲ್ಲ. ಅಡುಗೆಮನೆ ಹೊಸದು, ಗೋಡೆಗಳ ಬುಡದಲ್ಲಿ ತೇವ. ಗೊತ್ತಿರುವವರು ತಿಳಿಸಿ.

— ಮೊದಲು ದಾಖಲೆ. ಲಿಸ್ಟಿಂಗ್ ಮನೆಯ ಮುಂಭಾಗಕ್ಕೆ ಮಾತ್ರ ಅಂದುಕೊಂಡವರೇ ಜಾಸ್ತಿ. ಒಳಗಿನ ಮೆಟ್ಟಿಲು, ಬಾಗಿಲು, ತೊಲೆಗೂ ಅದು ಅನ್ವಯ. 1948ರ ಜುಲೈ 1ಕ್ಕೆ ಮೊದಲಿನಿಂದ ಆವರಣದಲ್ಲಿರುವ ಕೊಟ್ಟಿಗೆ, ಕಾಂಪೌಂಡಿಗೂ ಸಾಮಾನ್ಯವಾಗಿ ಅನ್ವಯ. ಕೌನ್ಸಿಲ್ (ಸ್ಥಳೀಯ ಆಡಳಿತ) ವೆಬ್‌ಸೈಟಿನಿಂದ ಹಳೆಯ ಕನ್ಸೆಂಟ್ (ಮಾರ್ಪಾಡಿಗೆ ಕೊಟ್ಟ ಅನುಮತಿ), ನಕ್ಷೆ ತೆಗೆದು ಮನೆಯೊಳಗೆ ನಿಂತು ಹೋಲಿಸಿ. ನಕ್ಷೆಯಲ್ಲಿದ್ದ ಗೋಡೆ ಅಡುಗೆಮನೆಯಲ್ಲಿ ಕಾಣೆಯಾಗಿ, ಅದಕ್ಕೆ ಕನ್ಸೆಂಟೂ ಇಲ್ಲದಿದ್ದರೆ ಎಚ್ಚರ. ಕೆಡವಿದವರ ಮೇಲೆ ಕ್ರಿಮಿನಲ್ ಕೇಸು, 2 ವರ್ಷದವರೆಗೆ ಜೈಲು. ಆದರೆ ಮೊದಲಿದ್ದಂತೆ ಕಟ್ಟಿಸಿ ಅನ್ನೋ ಎನ್‌ಫೋರ್ಸ್‌ಮೆಂಟ್ ನೋಟಿಸ್ ಈಗಿನ ಮಾಲೀಕರಿಗೇ ಬರುತ್ತೆ, ಅದಕ್ಕೆ ಕಾಲಮಿತಿಯೇ ಇಲ್ಲ.

— ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ: ಸಾಲಿಸಿಟರ್‌ರನ್ನು (ನಿಮ್ಮ ವಕೀಲರನ್ನು) ಕೇಳದೆ ಕೌನ್ಸಿಲ್‌ಗೆ ಫೋನ್ ಮಾಡಬೇಡಿ. ಮಾಡಿದ ಮೇಲೆ ಇಂಡೆಮ್ನಿಟಿ ಪಾಲಿಸಿ (ಇಂಥ ನೋಟಿಸ್‌ನಿಂದಾಗುವ ನಷ್ಟಕ್ಕೆ ವಿಮೆ) ಸಿಗೋದು ಕಷ್ಟ. ಪಾಲಿಸಿಗಿಂತ, ಮಾರುವವರೇ ಆ ಕೆಲಸಕ್ಕೆ ಈಗ ಕನ್ಸೆಂಟ್ ತಂದುಕೊಡಲಿ ಅನ್ನೋದೇ ನನ್ನ ಸಲಹೆ.

— ತೇವದ ವಿಷಯ. ಇಂಥ ಹಳೆಯ ಕಲ್ಲಿನ ಗೋಡೆ ಮಳೆನೀರು ಹೀರುತ್ತೆ, ಒಣಹವೆಯಲ್ಲಿ ಸುಣ್ಣದ ಗಾರೆಯ ಸಂದುಗಳ ಮೂಲಕ ಬಿಡುತ್ತೆ. ಸಂದಿಗೆ ಸಿಮೆಂಟ್ ತುಂಬಿದ್ರೆ ನೀರು ಒಳಗೇ ಉಳಿದು, ಚಳಿಗೆ ಹೆಪ್ಪುಗಟ್ಟಿದಾಗ ಕಲ್ಲಿನ ಮುಖವೇ ಪದರ ಪದರವಾಗಿ ಉದುರುತ್ತೆ. ಬೀಗದ ಕೈಯಿಂದ ಸಂದಿಯನ್ನು ಕೆರೆದು ನೋಡಿ: ಪುಡಿ ಉದುರಿದ್ರೆ ಬಹುಶಃ ಸುಣ್ಣ, ಗಟ್ಟಿ ಬೂದು ಬಣ್ಣವಾದ್ರೆ ಸಿಮೆಂಟ್. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರ ಇದೆಯಾ, ಗಟರ್ (ಸೂರಿನ ಮಳೆನೀರಿನ ದೋಣಿ) ಸೋರುತ್ತಾ, ಒಳಗೆ ಜಿಪ್ಸಮ್ ಪ್ಲಾಸ್ಟರ್, ವಿನೈಲ್ ಪೇಂಟ್ ಇದೆಯಾ ನೋಡಿ. ಕಾರಣ ಹೆಚ್ಚಾಗಿ ಇಲ್ಲೇ ಇರುತ್ತೆ. ತೇವ ಅಳೆಯುವ ಕೈಮೀಟರನ್ನು ಮರಕ್ಕೆ ಅಂತ ಮಾಡಿರೋದು. ಗೋಡೆಯ ಉಪ್ಪಿಗೂ ಅದು ಕೆಂಪು ತೋರಿಸುತ್ತೆ. ಅದನ್ನು ನಂಬಿ, ತೇವ ತಡೆಯಲು ಗೋಡೆಗೆ ಕೊಡುವ ಕೆಮಿಕಲ್ ಇಂಜೆಕ್ಷನ್‌ಗೆ ಖಂಡಿತ ಒಪ್ಪಬೇಡಿ. ಕೆಲಸದ ಕ್ರಮ: ಗಟರ್ ರಿಪೇರಿ, ಹೊರಗಿನ ಮಣ್ಣನ್ನು ಒಳನೆಲಕ್ಕಿಂತ ಸುಮಾರು 150 ಮಿ.ಮೀ. ಕೆಳಗಿಳಿಸೋದು, ಆಮೇಲೆ ಸಂದಿನ ಅಗಲದ ಎರಡು ಪಟ್ಟು ಆಳಕ್ಕೆ ಸಿಮೆಂಟನ್ನು ಉಳಿಯಿಂದ ತೆಗೆದು ಸುಣ್ಣದ ಗಾರೆ ತುಂಬೋದು. ಗ್ರೈಂಡರ್ ಬೇಡ, ಕಲ್ಲಿನ ಅಂಚು ಹೋಗುತ್ತೆ. 5 ಡಿಗ್ರಿಗಿಂತ ಚಳಿಯಿದ್ರೆ ಈ ಕೆಲಸ ಮಾಡಿಸಬೇಡಿ. ಆರ್‌ಐಸಿಎಸ್ (ಸರ್ವೇಯರ್‌ಗಳ ವೃತ್ತಿಸಂಸ್ಥೆ) ಲೆವೆಲ್ 3 ಸರ್ವೆಯನ್ನು, ಅಂದ್ರೆ ಅತಿ ವಿವರವಾದ ಮನೆ ತಪಾಸಣೆಯನ್ನು, ಹಳೆ ಕಟ್ಟಡ ಬಲ್ಲವರಿಂದಲೇ ಮಾಡಿಸಿ.

— ಖರ್ಚು: 2012ರ ಅಕ್ಟೋಬರ್‌ನಿಂದ ಕನ್ಸೆಂಟ್ ಸಿಕ್ಕ ಮಾರ್ಪಾಡಿಗೂ 20% ವ್ಯಾಟ್. ಎಕ್ಸ್‌ಚೇಂಜ್ ಆದ ಕ್ಷಣದಿಂದ ಮನೆಯ ನಷ್ಟ ಸಾಮಾನ್ಯವಾಗಿ ಕೊಳ್ಳುವವರದೇ, ಹಾಗಾಗಿ ವಿಮೆ ಅಂದೇ ಶುರುವಾಗಿರಬೇಕು. ಮೊತ್ತ ಕೊಂಡ ಬೆಲೆಯಲ್ಲ, ಅದೇ ಕಲ್ಲು, ಅದೇ ಸುಣ್ಣದಲ್ಲಿ ಮತ್ತೆ ಕಟ್ಟುವ ವೆಚ್ಚ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದರ ನೀರು ನೇರ ತೊರೆಗೋ ಹಳ್ಳಕ್ಕೋ ಹೋಗುತ್ತಾ ಕೇಳಿ. ಹಾಗೆ ಬಿಡುವಂತಿಲ್ಲ, ಬದಲಿಸೋ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.