ಮ್ಯಾಜಿಸ್ಟ್ರೇಟರಿಗೆ ಸುಳ್ಳು ಹೇಳಿ ತಂದ ವಾರಂಟ್, ವಾರಂಟೇ?

ಅನಂತ, ಮುಲುಂಡ್: ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ನಮ್ಮ ಎದುರು ಮನೆಗೆ ನಾಲ್ವರು ಪೊಲೀಸರು ಬಂದರು. ಶೋಧದ ವಾರಂಟ್ ಇದೆ ಎಂದು ಮಡಚಿದ ಕಾಗದವನ್ನು ಬಾಗಿಲಲ್ಲಿ ಒಮ್ಮೆ ಆಡಿಸಿ ಜೇಬಿಗೆ ಹಾಕಿಕೊಂಡರು. ಕಪಾಟು, ಅಕ್ಕಿ ಡಬ್ಬಿ, ದೇವರ ಮಂಟಪ ಎಲ್ಲವನ್ನೂ ಜಾಲಾಡಿದರು. ಮಾದಕ ವಸ್ತು ಸಿಗಲಿಲ್ಲ. ಹುಡುಗನ ಮೊಬೈಲ್, ಲ್ಯಾಪ್‌ಟಾಪ್ ಒಯ್ದರು. ಪಂಚನಾಗಿ ನನ್ನನ್ನೇ ಎಳೆದು ನಿಲ್ಲಿಸಿದ್ದರು. ಮರಾಠಿ ಪಂಚನಾಮೆಗೆ ಓದದೆ ಸಹಿ ಹಾಕಿದೆ, ಅದು ನನ್ನ ತಪ್ಪು. ಈಗ ವಕೀಲರು ವಾರಂಟ್ ಅರ್ಜಿಯ ಪ್ರತಿ ತೆಗೆಸಿದ್ದಾರೆ. ಹನ್ನೆರಡನೆಯ ತಾರೀಖು ಸಂಜೆ ಹುಡುಗ ಮನೆಯಲ್ಲೇ ಮಾಲು ಮಾರುತ್ತಿದ್ದುದನ್ನು ಬಾತ್ಮೀದಾರ ಕಣ್ಣಾರೆ ಕಂಡ ಎಂದು ಅದರಲ್ಲಿದೆ. ಆ ದಿನ ಹುಡುಗ ಕುಂದಾಪುರದಲ್ಲಿ ಅಜ್ಜಿಯ ಉತ್ತರಕ್ರಿಯೆಯಲ್ಲಿದ್ದ. ಊರಿಗೆ ಊರೇ ನೋಡಿದೆ. ಇಂಥ ವಾರಂಟಿಗೆ ಬೆಲೆ ಏನು?

ನಿವೃತ್ತ ಫೌಜುದಾರ: 'ಸುಳ್ಳು' ಎಂಬ ಪದವನ್ನು ಎಷ್ಟು ಸುಲಭವಾಗಿ ಬಳಸುತ್ತೀರಿ. ಬಾತ್ಮೀದಾರ ತಾರೀಖು ತಪ್ಪಿ ಹೇಳಿರಬಹುದು. ಮೂವತ್ತನಾಲ್ಕು ವರ್ಷ ಈ ಕೆಲಸ ಮಾಡಿದ್ದೇನೆ. ಮಾಲು ಕಾಯುವುದಿಲ್ಲ, ಒಂದು ಗಂಟೆ ತಡವಾದರೆ ಶೌಚಾಲಯದಲ್ಲಿ ನೀರಿನ ಜೊತೆ ಹೋಗಿರುತ್ತದೆ.

ಫೋರ್ಟ್ ವಕೀಲೆ: 'ಕಾಯುವುದಿಲ್ಲ' ಎಂದಾದರೆ ವಾರಂಟ್ ಇಲ್ಲದೆ ಹೋಗುವ ದಾರಿಯನ್ನು ಕಾನೂನೇ ಕೊಟ್ಟಿದೆ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಮು ನೋಡಿ. ನಂಬಿಕೆಗೆ ಕಾರಣವನ್ನು ಬರೆದಿಡಬೇಕು, 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಮಾದಕ ವಸ್ತು ಕಾಯ್ದೆಯಲ್ಲೂ 42ನೇ ಕಲಮು ಇದೆ. ಇಲ್ಲಿ ಅವಸರವಿರಲಿಲ್ಲ, ಅರ್ಜಿ ಟೈಪ್ ಮಾಡಿಸುವಷ್ಟು ಸಮಯವಿತ್ತು. ಬೇರಿನ ರೋಗ ಬೇರೆ. ಸುಪ್ರೀಂ ಕೋರ್ಟಿನ 1974ರ ಪೂರಣ್ ಮಲ್ ತೀರ್ಪಿನಿಂದ ಈಚೆಗೆ ಶೋಧ ಅಕ್ರಮವಾದರೂ ಸಿಕ್ಕಿದ ಸಾಕ್ಷ್ಯ ನಡೆಯುತ್ತದೆ. ಸುಳ್ಳು ಅರ್ಜಿ ಬರೆದರೆ ಪೊಲೀಸರಿಗೆ ಕಳೆದುಕೊಳ್ಳುವುದೇನೂ ಇಲ್ಲ. ಅಮೆರಿಕದಲ್ಲಿ 1961ರಿಂದಲೇ ಅಂಥ ಸಾಕ್ಷ್ಯವನ್ನು ರಾಜ್ಯಗಳ ನ್ಯಾಯಾಲಯಗಳೂ ಹೊರಗಿಡುತ್ತವೆ.

ನಿವೃತ್ತ ಫೌಜುದಾರ: ಅಮೆರಿಕವೇ? 2020ರಲ್ಲಿ ಲೂಯಿವಿಲ್‌ನಲ್ಲಿ ಬ್ರಿಯೋನಾ ಟೇಲರ್ ಎಂಬ ಹೆಣ್ಣುಮಗಳನ್ನು ಆಕೆಯ ಮನೆಯಲ್ಲೇ ಗುಂಡಿಟ್ಟು ಕೊಂದದ್ದು ವಾರಂಟ್ ಹಿಡಿದು ಹೋದ ಪೊಲೀಸರೇ. ನಿಮ್ಮ ಆದರ್ಶ ಅಲ್ಲಿಗೆ ಮುಗಿಯಿತು.

ಫೋರ್ಟ್ ವಕೀಲೆ: ಮುಗಿಯಲಿಲ್ಲ. ಆ ವಾರಂಟಿನ ಪ್ರಮಾಣಪತ್ರದಲ್ಲಿ ಸುಳ್ಳು ಸೇರಿಸುವ ಒಳಸಂಚಿನಲ್ಲಿದ್ದ ಪತ್ತೇದಾರಿಣಿ 2022ರಲ್ಲಿ ತಪ್ಪೊಪ್ಪಿಕೊಂಡಳು. ನಗರಾಡಳಿತ ಕುಟುಂಬಕ್ಕೆ 1.2 ಕೋಟಿ ಡಾಲರ್ ಕೊಟ್ಟಿತು. ಅಂಥ ಒಂದು ಉದಾಹರಣೆಯನ್ನು ಇಲ್ಲಿಂದ ಕೊಡಿ.

ಸಹ್ಯಾದ್ರಿ: ಎಲ್ಲರೂ ಒಂದು ಮಾತನ್ನು ದಾಟಿ ಹೋಗುತ್ತಿದ್ದೀರಿ. 'ಮರಾಠಿ ಪಂಚನಾಮೆಗೆ ಓದದೆ ಸಹಿ ಹಾಕಿದೆ.' ಅನಂತರೇ, ಮುಂಬಯಿಗೆ ಬಂದು ಎಷ್ಟು ವರ್ಷವಾಯಿತು?

ಅನಂತ, ಮುಲುಂಡ್: ಮೂವತ್ತೊಂದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಸಹ್ಯಾದ್ರಿ: ಮೂವತ್ತೊಂದು ವರ್ಷ ಈ ಊರಿನ ಅನ್ನ ಉಂಡು ಈ ಊರಿನ ಭಾಷೆ ಓದಲು ಬಾರದಿದ್ದರೆ ಅದು ಪೊಲೀಸರ ತಪ್ಪಲ್ಲ. ಬೆಂಗಳೂರಿನಲ್ಲಿ ಕನ್ನಡ ಕಲಿಯದವರನ್ನು ನಾವೇ ಬೈಯುತ್ತೇವೆ.

ಸುಜಾತಾ, ಡೊಂಬಿವಲಿ: ಅನ್ನದ ಮಾತು ತೆಗೆಯಬೇಡಿ. ನನ್ನ ತಂದೆ ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಇಲ್ಲಿಗೆ ಬಂದು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಎಸ್‌ಎಸ್‌ಸಿ ಮಾಡಿದವರು. ಮರಾಠಿ ಚೆನ್ನಾಗಿ ಮಾತನಾಡುತ್ತಿದ್ದರು. ಹವಾಲ್ದಾರರ ಓಟದ ಅಕ್ಷರ ಅವರಿಗೂ ಹತ್ತುತ್ತಿರಲಿಲ್ಲ.

ಸೋಲಾಪುರದವ: ಓಟದ ಅಕ್ಷರ ನನಗೂ ಹತ್ತುವುದಿಲ್ಲ, ನಾನು ಮರಾಠಿ ಶಾಲೆಯಲ್ಲೇ ಓದಿದವನು. ಆದರೆ ಸಹ್ಯಾದ್ರಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಓದಲು ಬಾರದಿದ್ದರೆ 'ಓದಿ ಹೇಳಿ' ಎಂದು ಕೇಳಬೇಕಿತ್ತು.

ಅನಂತ, ಮುಲುಂಡ್: ಕೇಳಿದೆ. 'ನಾಳೆ ಠಾಣೆಗೆ ಬಂದು ಓದಿ' ಎಂದರು. ನನಗೆ ಅಚ್ಚಿನ ಮರಾಠಿ ಬರುತ್ತದೆ. ಕೆಳಗಿನ ಒಂದು ಸಾಲು ಮುದ್ರಿತವಾಗಿತ್ತು, ಓದಿದೆ: 'ಪಂಚನಾಮಾ ವಾಚೂನ್ ಪಾಹಿಲಾ, ಬರೋಬರ್ ಆಹೆ.' ಓದಿ ನೋಡಿದೆವು, ಸರಿಯಾಗಿದೆ. ಆ ಸಾಲಿನ ಮೇಲೆ ಒಂದು ಗೇಣು ಖಾಲಿ ಜಾಗವಿತ್ತು. ಆಮೇಲೆ ಅದರಲ್ಲಿ ಏನು ಬರೆದರೋ ಇವತ್ತಿಗೂ ನನಗೆ ತಿಳಿಯದು.

ಸಹ್ಯಾದ್ರಿ: ಅಂದರೆ ಆ ಸಾಲನ್ನು ಓದಿಯೇ ಸಹಿ ಹಾಕಿದಿರಿ! ಓದಿದೆ ಎಂದು ಸುಳ್ಳು ಬರೆದುಕೊಟ್ಟವರು ನೀವು. ಇನ್ನೊಬ್ಬರ ಸುಳ್ಳಿನ ವಿಷಯ ಮಾತನಾಡಲು ನಿಮಗೇನು ಅಧಿಕಾರ?

ಸುಜಾತಾ, ಡೊಂಬಿವಲಿ: ಸುತ್ತ ನಾಲ್ಕು ಜನ ಖಾಕಿ ನಿಂತಿರುವಾಗ, ಒಳಗೆ ಆ ಹುಡುಗನ ತಾಯಿ ಬಿದ್ದ ಅಕ್ಕಿಯನ್ನು ಬಳಿಯುತ್ತಾ ಅಳುತ್ತಿರುವಾಗ, ನೀವು ಪೆನ್ನು ಕೆಳಗಿಡುತ್ತಿದ್ದಿರಾ? ಎದೆ ಮುಟ್ಟಿ ಹೇಳಿ.

ಸಹ್ಯಾದ್ರಿ: ಇಡುತ್ತಿದ್ದೆ.

ಸುಜಾತಾ, ಡೊಂಬಿವಲಿ: ನಂಬುವುದಿಲ್ಲ.

ನಿವೃತ್ತ ಫೌಜುದಾರ: 'ಖಾಕಿ' ಎಂದ ಕೂಡಲೇ ರಾಕ್ಷಸರನ್ನು ಕಂಡಂತೆ ಬರೆಯುವುದನ್ನು ನಿಲ್ಲಿಸಿ. ಆ ನಾಲ್ವರ ಮನೆಯಲ್ಲೂ ಮಕ್ಕಳಿದ್ದಾರೆ. ಕಾಲೇಜಿನ ಮೂಲೆಯಲ್ಲಿ ಮಾಲು ಮಾರುವುದನ್ನು ನೀವೇ ದೂರುತ್ತೀರಿ, ಹಿಡಿಯಲು ಹೋದರೆ ಖಾಸಗಿತನ ನೆನಪಾಗುತ್ತದೆ.

ಸುಜಾತಾ, ಡೊಂಬಿವಲಿ: ಹಿಡಿಯುವ ಬಗೆಯನ್ನೂ ನೋಡಿದ್ದೇವೆ. 2024ರಲ್ಲಿ ಇಲ್ಲೇ ಮುಂಬಯಿಯ ಕಲಿನಾದಲ್ಲಿ ಒಬ್ಬನ ಜೇಬಿಗೆ ಪೊಲೀಸರೇ ಏನನ್ನೋ ತುರುಕುವುದು ಸಿಸಿಟಿವಿಯಲ್ಲಿ ಸಿಕ್ಕಿತು. ಕ್ಯಾಮೆರಾ ಇರದಿದ್ದರೆ ಅವನ ಗತಿ?

ನಿವೃತ್ತ ಫೌಜುದಾರ: ಕಲಿನಾದ ಆ ನಾಲ್ವರು ಪೊಲೀಸರನ್ನೂ ಅಮಾನತು ಮಾಡಿದರು. ಇಲಾಖೆಯೇ ಮಾಡಿತು, ನಿಮ್ಮ ಖಾಸಗಿತನದ ತೀರ್ಪಲ್ಲ.

ಫೋರ್ಟ್ ವಕೀಲೆ: ಆ ತೀರ್ಪನ್ನು ಅಷ್ಟು ಹಗುರವಾಗಿ ಎತ್ತಬೇಡಿ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅದನ್ನೇ ಹಿಡಿದು 2019ರಲ್ಲಿ ಬಾಂಬೆ ಹೈಕೋರ್ಟ್ ಇದೇ ಮುಂಬಯಿಯ ಉದ್ಯಮಿಯ ಫೋನ್ ಕದ್ದಾಲಿಕೆಯ ಆದೇಶಗಳನ್ನು ರದ್ದು ಮಾಡಿ ಧ್ವನಿಮುದ್ರಣಗಳನ್ನು ನಾಶಪಡಿಸಲು ಹೇಳಿತು.

ನಿವೃತ್ತ ಫೌಜುದಾರ: ಫೋನ್ ಕದ್ದಾಲಿಕೆ ಬೇರೆ, ಮನೆ ಶೋಧ ಬೇರೆ.

ಫೋರ್ಟ್ ವಕೀಲೆ: ಮೊಬೈಲ್ ಒಯ್ದರಲ್ಲ? ಅದರಲ್ಲಿ ಹುಡುಗನ ಮನೆಗಿಂತ ಹೆಚ್ಚಿದೆ. ಇರಲಿ, ಒಂದೇ ಪ್ರಶ್ನೆ. 2024ರ ಜುಲೈ 1ರಿಂದ ಶೋಧವನ್ನು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಸಹಿ ಹಾಕಿಸುವವರೆಗೂ, ವಿಡಿಯೊ ಮಾಡಬೇಕು, ಅದು ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಅದೇ ಸಂಹಿತೆಯ 105ನೇ ಕಲಮು. ವಿಡಿಯೊ ಎಲ್ಲಿ?

ಸೋಲಾಪುರದವ: ಪಂಚನಾಮೆಯ ಭಾಷೆಯ ವಿಷಯಕ್ಕೆ ಇನ್ನೂ ಒಂದು ಮಾತು ಸೇರಿಸುತ್ತೇನೆ...

ಅನಂತ, ಮುಲುಂಡ್: ದಯವಿಟ್ಟು ಬೇಡ. ವಿಡಿಯೊ ಮಾತಿಗೆ ಹೇಳುತ್ತೇನೆ: ಕಪಾಟು ತೆಗೆಯುವಾಗ ಒಬ್ಬನ ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದಿತ್ತು. ಸಹಿ ಹಾಕುವಾಗ ಅದು ಅವನ ಜೇಬಿನಲ್ಲಿತ್ತು. ಆ ವಿಡಿಯೊ ಕೊಡಿಸಿ ಎಂದು ಸೋಮವಾರ ಅರ್ಜಿ ಹಾಕುತ್ತಿದ್ದೇವೆ. ಓದದೆ ಸಹಿ ಹಾಕಿದೆ ಎಂದು ನಾನೇ ಪ್ರಮಾಣ ಮಾಡುತ್ತೇನೆ.

ಸಹ್ಯಾದ್ರಿ: ಕೊನೆಗೂ ತಪ್ಪು ಒಪ್ಪಿದಿರಿ.

ಅನಂತ, ಮುಲುಂಡ್: ನನ್ನ ತಪ್ಪನ್ನು ಮೊದಲ ಬರಹದಲ್ಲೇ ಬರೆದಿದ್ದೇನೆ. ಕುಂದಾಪುರದಲ್ಲಿದ್ದವನನ್ನು ಮುಲುಂಡ್‌ನಲ್ಲಿ ಕಂಡೆವೆಂದು ಬರೆದವರದ್ದನ್ನು ನೀವು ಇನ್ನೂ ಬರೆದಿಲ್ಲ.