ಬಾಣಂತನ ಶಿರಸಿಯ ತವರಿನಲ್ಲಿ, ಕೆಲಸ ಕಾರವಾರದಲ್ಲಿ: ಎದೆಹಾಲಿನ ವಿಷಯದಲ್ಲಿ ತಂದೆ ಏನು ಮಾಡಬಹುದು?

ಪ್ರಶ್ನೆ: ಕಾರವಾರದ ಹೊಸ ತಂದೆ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಖಾಸಗಿ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಚೊಚ್ಚಲ ಹೆರಿಗೆಯಾದ್ದರಿಂದ ನನ್ನ ಹೆಂಡತಿಯ ಬಾಣಂತನ ಶಿರಸಿ ತಾಲ್ಲೂಕಿನ ಅವಳ ತವರುಮನೆಯಲ್ಲಿ ನಡೆಯುತ್ತಿದೆ. ಮಗಳಿಗೆ ಇನ್ನೂ ತಿಂಗಳು ತುಂಬಿಲ್ಲ. ವಾರದ ಕೊನೆಗೆ ದೇವಿಮನೆ ಘಟ್ಟ ಹತ್ತಿ ಹೋಗಿ ಭಾನುವಾರ ಸಂಜೆ ಇಳಿದು ಬರುತ್ತೇನೆ.

ಮಗು ಹಗಲಿನಲ್ಲಿ ಚೆನ್ನಾಗಿಯೇ ಇರುತ್ತದೆ, ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳಲು ಶುರುಮಾಡಿದರೆ ಊಟದ ಹೊತ್ತು ಮುಗಿದರೂ ನಿಲ್ಲಿಸುವುದಿಲ್ಲ. ಕುಡಿದು ಸ್ವಲ್ಪ ಹೊತ್ತಿಗೇ ಮತ್ತೆ ಎದೆ ಹುಡುಕುತ್ತದೆ. ಬಾಣಂತಿಯನ್ನು ನೋಡಲು ಬಂದವರೆಲ್ಲ "ಇವಳಿಗೆ ಹಾಲು ಸಾಲುವುದಿಲ್ಲ" ಎಂದು ಹೇಳಿ ಹೋಗುತ್ತಾರೆ. ಬಂಧುಗಳೊಬ್ಬರು ಪುಡಿಹಾಲಿನ ಡಬ್ಬಿಯನ್ನೂ ಬಾಟಲಿಯನ್ನೂ ತಂದಿಟ್ಟಿದ್ದಾರೆ. ಹೆಂಡತಿ ಫೋನಿನಲ್ಲಿ ಅಳುತ್ತಾಳೆ. ಅತ್ತೆಯವರು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದಾರೆ, ಆದರೆ ನಾನು ವಿಷಯ ತೆಗೆದರೆ "ಇದು ಗಂಡಸರು ತಲೆ ಹಾಕುವಂಥದ್ದಲ್ಲ, ನೀವು ಆರಾಮಾಗಿರಿ" ಎನ್ನುತ್ತಾರೆ. ಹಾಲೂಡಿಸುವುದು ನನ್ನಿಂದ ಆಗುವ ಕೆಲಸವಲ್ಲ ಎಂಬುದು ನನಗೂ ಗೊತ್ತು. ಹಾಗಿದ್ದರೆ ತಂದೆಯಾದವನು ನಿಜವಾಗಿ ಉಪಯೋಗಕ್ಕೆ ಬರುವಂತೆ ಏನು ಮಾಡಬಹುದು? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ಕುಮಟಾ

ನನ್ನ ಸೇವೆಯ ಉದ್ದಕ್ಕೂ ಈ ಪ್ರಶ್ನೆಯನ್ನು ಅಜ್ಜಿಯರು ಕೇಳಿದ್ದಾರೆ, ಅತ್ತಿಗೆಯರು ಕೇಳಿದ್ದಾರೆ. ತಂದೆಯರು ಕೇಳಿದ್ದು ಅಪರೂಪ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅಳುವಿನ ವಿಷಯ. ಎರಡನೆಯ ವಾರದಿಂದ ಆರನೆಯ ವಾರದವರೆಗೆ ಬಹಳಷ್ಟು ಶಿಶುಗಳ ಅಳು ಹೆಚ್ಚುತ್ತ ಹೋಗುತ್ತದೆ, ಅದರಲ್ಲೂ ಸಂಜೆಯ ಹೊತ್ತಿನಲ್ಲಿ ಮೇಲಿಂದ ಮೇಲೆ ಹಾಲು ಕೇಳುತ್ತವೆ. ಇದೊಂದರಿಂದಲೇ ಹಾಲು ಕಡಿಮೆಯಿದೆ ಎಂದು ತೀರ್ಮಾನಿಸಲಾಗದು. ಮಗು ಎಷ್ಟು ಚೀಪಿ ಎದೆಯನ್ನು ಬರಿದು ಮಾಡುತ್ತದೆಯೋ ಅದಕ್ಕೆ ತಕ್ಕಂತೆ ಹಾಲು ಉತ್ಪತ್ತಿಯಾಗುತ್ತದೆ. ಸಂಜೆ ಒಂದು ಬಾಟಲಿ ಪುಡಿಹಾಲು ಕೊಟ್ಟರೆ ಮಗು ಮಲಗುತ್ತದೆ, ಎದೆ ತುಂಬಿಕೊಂಡೇ ಉಳಿಯುತ್ತದೆ, ಇಷ್ಟು ಬೇಡವೆಂದು ದೇಹ ಉತ್ಪತ್ತಿಯನ್ನು ಇಳಿಸುತ್ತದೆ. ಇದೇ ಕೆಲವು ವಾರ ಮುಂದುವರಿದರೆ "ಹಾಲು ಸಾಲದು" ಎಂಬ ಸುಳ್ಳು ಮಾತು ನಿಜವಾಗಿಬಿಡುತ್ತದೆ. ಆ ಡಬ್ಬಿಯನ್ನು ತಂದವರು ಕೆಟ್ಟವರಲ್ಲ. ಆದರೆ ಪುಡಿಹಾಲಿನ ಜಾಹೀರಾತನ್ನೂ ಉಚಿತ ಮಾದರಿ ಹಂಚುವುದನ್ನೂ ನಮ್ಮ ದೇಶ 1992ರಲ್ಲೇ ಕಾನೂನಿನ ಮೂಲಕ ನಿಷೇಧಿಸಿದ್ದಕ್ಕೆ ಇದೇ ಕಾರಣವೆಂದು ಅವರಿಗೆ ಯಾರಾದರೂ ಹೇಳಬೇಕು.

ಹಾಗಾದರೆ ಹಾಲು ಸಾಲುತ್ತಿದೆಯೆಂದು ತಿಳಿಯುವುದು ಹೇಗೆ? ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿರಬೇಕು, ಅದರ ಬಣ್ಣ ತಿಳಿಯಾಗಿರಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ಶಿಶುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಸುಮಾರು ಎರಡು ವಾರದೊಳಗೆ ಅದು ಹುಟ್ಟಿನ ತೂಕಕ್ಕೆ ಮರಳಿ, ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂನಷ್ಟು ಏರುತ್ತಿರಬೇಕು. ಇಲ್ಲಿಯೇ ತಮ್ಮ ಮೊದಲ ಕೆಲಸವಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ತವರುಮನೆಯ ಊರಿನ ಆಶಾ ಯಾರೆಂದು ತಿಳಿದುಕೊಂಡು, ತಾಯಿ ಕಾರ್ಡಿನಲ್ಲಿ ಮಗುವಿನ ತೂಕ ಬರೆಸಿರಿ. ತೂಕ ಏರುತ್ತಿದೆ ಎಂಬ ಬರಹ ಕೈಯಲ್ಲಿದ್ದರೆ, ನೋಡಲು ಬಂದವರ ಹತ್ತು ಮಾತಿಗೆ ಅದೊಂದೇ ಉತ್ತರವಾಗುತ್ತದೆ. ತೂಕ ಏರದಿದ್ದರೆ, ಮಗು ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ಜ್ವರ ಬಂದರೆ ಅಥವಾ ಮೈ ಹಳದಿ ಹೆಚ್ಚುತ್ತಿದ್ದರೆ ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು. ಆಗ ವೈದ್ಯರು ಮೇಲುಹಾಲು ಕೊಡಿ ಎಂದರೆ ಕೊಡಬೇಕು, ಅದರಲ್ಲಿ ನಾಚಿಕೆಯೇನೂ ಇಲ್ಲ.

ಎರಡನೆಯದು ಬಾಣಂತಿಯ ಊಟ ಮತ್ತು ನೀರು. ನಮ್ಮ ಜಿಲ್ಲೆಯಲ್ಲಿ, ಘಟ್ಟದ ಮೇಲೂ ಕೆಳಗೂ, ಬಾಣಂತಿಗೆ ನೀರು ಕೊಟ್ಟರೆ ಶೀತ, ಮೈ ಊದುತ್ತದೆ ಎಂದು ಹೇಳಿ ಗುಟುಕು ಗುಟುಕು ಅಳೆದು ಕೊಡುವ ಮನೆಗಳು ಈಗಲೂ ಇವೆ. ಕಷಾಯ, ಲೇಹ್ಯಗಳ ಬಗ್ಗೆ ನನಗೆ ತಕರಾರಿಲ್ಲ, ಆದರೆ ಬಾಯಾರಿದಾಗಲೆಲ್ಲ ನೀರು ಸಿಗಬೇಕು. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ; ಬರೀ ಅನ್ನ, ಮೆಣಸಿನ ಸಾರಿನಲ್ಲಿ ಅದು ಸಿಗುವುದು ಕಷ್ಟ.

ಮೂರನೆಯದಾಗಿ, ಹಾಲು ಉತ್ಪತ್ತಿಯಾಗುವುದು ಒಂದು, ಅದು ಇಳಿದು ಮಗುವಿನ ಬಾಯಿಗೆ ಬರುವುದು ಇನ್ನೊಂದು. ಇಳಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ನೋವು, ಆತಂಕ, ಅವಮಾನಗಳಿಂದ ತಡೆಯಲ್ಪಡುತ್ತದೆ. ಬಾಣಂತಿಯ ಮುಂದೆ ಕುಳಿತು ಅವಳ ಹಾಲಿನ ಬಗ್ಗೆ ಚರ್ಚೆ ಮಾಡುವವರು ಆ ಹಾಲನ್ನೇ ತಡೆಯುತ್ತಿರುತ್ತಾರೆ. ಇಂಥ ಮಾತು ಅವಳ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ಗಂಡನ ಕೆಲಸ. ಹಾಲೂಡಿಸುವಾಗ ನೋವಿದ್ದರೆ ಮಗು ಬರೀ ಮೊಲೆತೊಟ್ಟನ್ನಷ್ಟೇ ಹಿಡಿಯುತ್ತಿರಬಹುದು. ಬಾಯಿ ಅಗಲವಾಗಿ ತೆರೆದು ಸುತ್ತಲಿನ ಕಪ್ಪು ಭಾಗವನ್ನೂ ಹೆಚ್ಚಾಗಿ ಒಳಗೊಳ್ಳುವಂತೆ ಹಿಡಿಸಲು ದಾದಿಯೊಬ್ಬರು ಒಮ್ಮೆ ಎದುರಿಗಿದ್ದು ತೋರಿಸಿಕೊಟ್ಟರೆ ಸಾಕಾಗುತ್ತದೆ.

ತಂದೆಗೆ ಕಲಿಸಿದರೆ ಪ್ರಯೋಜನವಿದೆಯೇ ಎಂದು ಅನುಮಾನಿಸುವವರಿಗಾಗಿ ಒಂದು ಸಂಗತಿ ಹೇಳುತ್ತೇನೆ. ಇಟಲಿಯ ನೇಪಲ್ಸಿನಲ್ಲಿ 280 ತಾಯಂದಿರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಲೂಡಿಸುವಾಗ ಬರುವ ಸಾಮಾನ್ಯ ತೊಂದರೆಗಳನ್ನು ನಿಭಾಯಿಸುವುದು ಹೇಗೆಂದು ಅರ್ಧದಷ್ಟು ತಂದೆಯರಿಗೆ ಒಮ್ಮೆ ಕೂರಿಸಿ ತಿಳಿಸಲಾಯಿತು. ಆರು ತಿಂಗಳಿಗೆ ಪೂರ್ತಿ ಎದೆಹಾಲಿನಲ್ಲಿದ್ದ ಮಕ್ಕಳು ಆ ಗುಂಪಿನಲ್ಲಿ ಶೇ. 25, ಉಳಿದವರಲ್ಲಿ ಶೇ. 15. ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ಅಂಕಿ: ಹಾಲು ಸಾಲುತ್ತಿಲ್ಲವೆಂದು ಭಾವಿಸಿದ ತಾಯಂದಿರು ತಿಳಿವಳಿಕೆ ಪಡೆಯದ ತಂದೆಯರ ಗುಂಪಿನಲ್ಲಿ ಶೇ. 27 ಇದ್ದರೆ, ಪಡೆದವರ ಗುಂಪಿನಲ್ಲಿ ಶೇ. 9ಕ್ಕಿಂತ ಕಡಿಮೆ.

ಉತ್ತರ: ಎರಡು ಮಕ್ಕಳ ತಾಯಿ, ಶಿರಸಿ

ಹಿರಿಯರು ಬರೆದದ್ದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ, ಆದರೆ ಬಾಣಂತಿಯ ಕಡೆಯಿಂದ ಒಂದೆರಡು ಮಾತು ಸೇರಿಸಬೇಕೆನಿಸುತ್ತದೆ.

ತಾವು ವಾರಕ್ಕೊಮ್ಮೆ ಹೋದಾಗ ಆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಿದ್ದೀರಾ? ಅಳಿಯ ಬರುತ್ತಾನೆಂದರೆ ನಮ್ಮ ಕಡೆ ಶುಕ್ರವಾರದಿಂದಲೇ ಅಡುಗೆಮನೆಯಲ್ಲಿ ಗಡಿಬಿಡಿ. ಬೆಳಿಗ್ಗೆ ತೆಳ್ಳೇವು, ಮಧ್ಯಾಹ್ನ ಪಾಯಸ, ಹೊರಡುವಾಗ ಕಟ್ಟಿಕೊಡಲು ತೊಡದೇವು. ವಾರವಿಡೀ ಬಾಣಂತಿಯ ಹಿಂದೆಮುಂದೆ ಇದ್ದ ತಾಯಿ ಆ ಎರಡು ದಿನ ಒಲೆಯ ಮುಂದೆ ಇರುತ್ತಾಳೆ. ಮಗುವನ್ನು ಎತ್ತಿಕೊಳ್ಳುವವರಿಲ್ಲ, ಬಾಣಂತಿಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲ. ಅದು ಅಡಿಕೆ ಕೊಯ್ಲಿನ ಕಾಲವಾದರಂತೂ ಸುಲಿಯುವವರ ಚಹಾ, ಊಟ ಬೇರೆ. ಹಾಗಾಗಿ ತಾವು ಮಾಡಬಹುದಾದ ಮೊದಲ ಉಪಕಾರವೆಂದರೆ ಅತಿಥಿಯಾಗುವುದನ್ನು ನಿಲ್ಲಿಸುವುದು. ಅತ್ತೆಯವರಿಗೆ ಮುಂಚಿತವಾಗಿ ಫೋನು ಮಾಡಿ "ನನಗೆ ಬಾಣಂತಿಯ ಸಾರನ್ನವೇ ಸಾಕು" ಎಂದು ಸ್ಪಷ್ಟವಾಗಿ ಹೇಳಿರಿ. ಮೊದಲ ಸಲ ಯಾರೂ ಕೇಳುವುದಿಲ್ಲ. ತಟ್ಟೆಯನ್ನು ತಾವೇ ತೊಳೆದಿಟ್ಟರೆ ಎರಡನೆಯ ಸಲ ನಂಬುತ್ತಾರೆ.

ಎರಡನೆಯ ಮಾತು ಸ್ವಲ್ಪ ಕಟುವಾಗಿ ಕೇಳಿಸಬಹುದು. ಎದೆಹಾಲಿನ ಮಹತ್ವವನ್ನು ಹೊಸದಾಗಿ ಓದಿ ತಿಳಿದ ಗಂಡಂದಿರು ಮೇಲ್ವಿಚಾರಕರಾಗಿಬಿಡುವುದನ್ನು ನಾನು ಕಂಡಿದ್ದೇನೆ. "ಎಷ್ಟು ಹೊತ್ತು ಕುಡಿಸಿದೆ? ಯಾವ ಕಡೆ ಕುಡಿಸಿದೆ?" ಎಂದು ಗಂಟೆಗೊಮ್ಮೆ ಫೋನಿನಲ್ಲಿ ಕೇಳುವುದು, ನೋಡಲು ಬಂದ ನೆಂಟರು ಹೇಳುವುದಕ್ಕಿಂತ ಹೆಚ್ಚು ನೋಯಿಸುತ್ತದೆ. ಅವಳ ನಿದ್ದೆಯನ್ನು, ಊಟವನ್ನು ಕೇಳಿರಿ. ಆಶಾ ಕಾರ್ಯಕರ್ತೆಯೊಡನೆ ಮಾತಾಡುವ ಮೊದಲು ಹೆಂಡತಿಯನ್ನು ಕೇಳಿರಿ. ಅವಳು ಸದಾ ಅಳುತ್ತಿದ್ದರೆ, ನಿದ್ದೆ ಬಂದರೂ ಮಲಗಲಾರದಂತಿದ್ದರೆ, ಮಗುವಿನ ಮೇಲೆ ಮನಸ್ಸೇ ಇಲ್ಲವೆಂದು ಹೇಳಿದರೆ ಅದು ಹಾಲಿನ ಪ್ರಶ್ನೆಯಲ್ಲ. ಬಾಣಂತಿಯರಿಗೆ ಬರುವ ಖಿನ್ನತೆಗೆ ಚಿಕಿತ್ಸೆಯಿದೆ, ಅದಕ್ಕೂ ವೈದ್ಯರ ಬಳಿ ಕರೆದುಕೊಂಡು ಹೋಗುವವರು ತಾವೇ ಆಗಬೇಕಾಗುತ್ತದೆ.

ಜೇನುತುಪ್ಪ ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಗ್ರೈಪ್ ವಾಟರ್ ಕುಡಿಸುವುದು ಇತ್ಯಾದಿಗಳಿಗೆ ಬೇಡವೆನ್ನುವುದು ಮನೆಯ ಮಗಳಿಗೆ ಕಷ್ಟ. ಅಳಿಯ "ಡಾಕ್ಟರು ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡ ಎಂದಿದ್ದಾರೆ" ಎಂದು ನಯವಾಗಿ ಹೇಳಿದರೆ ನಡೆಯುತ್ತದೆ. ಅಳಿಯತನದ ಮರ್ಯಾದೆಯನ್ನು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿರಿ.

ಉತ್ತರ: ಹೊನ್ನಾವರದ ಮೀನುಗಾರ

ನಮ್ಮದು ಬೋಟಿನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮಗ ಮಳೆಗಾಲದಲ್ಲಿ ಹುಟ್ಟಿದ್ದು ನನಗೆ ಅನುಕೂಲವಾಯಿತು. ರಾತ್ರಿ ಮಗು ಎದ್ದಾಗ ಎತ್ತಿ ತಾಯಿಯ ಮಗ್ಗುಲಿಗೆ ಕೊಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಇಷ್ಟನ್ನು ನಾನು ನೋಡಿಕೊಂಡೆ. ಮಳೆಯಲ್ಲಿ ಬಟ್ಟೆ ಒಣಗದೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದೇ ದೊಡ್ಡ ಕೆಲಸವಾಗಿತ್ತು. ಸಂಜೆ ಅಳುವ ಹೊತ್ತಿನಲ್ಲಿ ಅಂಗಿ ತೆಗೆದು ಬರೀ ಎದೆಯ ಮೇಲೆ ಮಗುವನ್ನು ಮಲಗಿಸಿ ಮೇಲೆ ಹೊದಿಸಿಕೊಳ್ಳಲು ಆಸ್ಪತ್ರೆಯ ಸಿಸ್ಟರ್ ಹೇಳಿಕೊಟ್ಟಿದ್ದರು, ಎಷ್ಟೋ ಸಲ ಅದರಿಂದಲೇ ಅಳು ನಿಂತಿತು. ನೆರೆಮನೆಯವರು ನಕ್ಕರು, ನಕ್ಕು ಸುಮ್ಮನಾದರು. ಆಗಸ್ಟಿನಲ್ಲಿ ಬೋಟು ಹೊರಟ ಮೇಲೆ ಇದೆಲ್ಲ ನನ್ನಿಂದ ಆಗಲಿಲ್ಲ. ಆದರೆ ಅಷ್ಟರೊಳಗೆ ತಾಯಿಗೂ ಮಗುವಿಗೂ ಹಾಲೂಡಿಕೆ ಚೆನ್ನಾಗಿ ರೂಢಿಯಾಗಿತ್ತು. ಆದ್ದರಿಂದ ತಮಗೆ ಸಿಗುವ ರಜೆಯನ್ನು ನಾಮಕರಣಕ್ಕೆಂದು ಉಳಿಸಿಕೊಳ್ಳದೆ ಈಗಲೇ ಹಾಕಿರಿ ಎಂದು ನನ್ನ ಸಲಹೆ.

ಉತ್ತರ: ಕಚೇರಿಯೊಂದರ ಸಿಬ್ಬಂದಿ ಶಾಖೆಯವನು, ಕಾರವಾರ

ರಜೆಯ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಕೇಂದ್ರ ಸರ್ಕಾರದ ನೌಕರರಿಗೆ, ಎರಡಕ್ಕಿಂತ ಕಡಿಮೆ ಮಕ್ಕಳಿದ್ದಲ್ಲಿ, 15 ದಿನಗಳ ಪಿತೃತ್ವ ರಜೆಯಿದೆ. ಅದನ್ನು ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು ಹೆರಿಗೆಯಾದ ಆರು ತಿಂಗಳೊಳಗೆ ಬಳಸಿಕೊಳ್ಳಬೇಕು, ಇಲ್ಲವಾದರೆ ಕಳೆದುಹೋಗುತ್ತದೆ. ಖಾಸಗಿ ಸಂಸ್ಥೆಗಳು ಇದನ್ನು ಕೊಡಲೇಬೇಕೆಂಬ ಕೇಂದ್ರ ಕಾನೂನು ಇಲ್ಲ, ಆದರೂ ಕೆಲವು ಸಂಸ್ಥೆಗಳ ಸ್ವಂತ ನಿಯಮಗಳಲ್ಲಿ ಅದು ಇರುತ್ತದೆ. ಕೇಳದೆ ಯಾರೂ ಹೇಳುವುದಿಲ್ಲವಾದ್ದರಿಂದ ಲಿಖಿತವಾಗಿ ಕೇಳಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಆಶಾ ಕಾರ್ಯಕರ್ತೆಯವರ ನಂಬರು ಹೆಂಡತಿಯ ಬಳಿಯೇ ಇತ್ತು. ತೂಕ ನೋಡಿಸಿದ್ದಾಯಿತು, ಹುಟ್ಟಿದ ತೂಕವನ್ನು ದಾಟಿ ಚೆನ್ನಾಗಿ ಏರಿದೆ. ಅತ್ತೆಯವರು ಕಾರ್ಡನ್ನು ನೋಡಿದ ಮೇಲೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದಾರೆ. ಅಳಿಯನ ಊಟದ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಇನ್ನೊಂದು ಪ್ರಶ್ನೆ. ಹೆಂಡತಿ 26 ವಾರಗಳ ಹೆರಿಗೆ ರಜೆ ಮುಗಿಸಿ ಕಾರವಾರದಲ್ಲಿ ಮತ್ತೆ ಕೆಲಸಕ್ಕೆ ಹಾಜರಾಗಬೇಕು. ಆಗ ಹಾಲನ್ನು ತೆಗೆದಿಟ್ಟು ಹೋದರೆ ನಾನಾಗಲಿ, ನನ್ನ ಅಮ್ಮನಾಗಲಿ ಕುಡಿಸಬಹುದೇ? ನಮ್ಮ ಕರಾವಳಿಯ ಸೆಕೆಗೆ ಅದು ಕೆಡುವುದಿಲ್ಲವೇ?

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ಕುಮಟಾ

ಖಂಡಿತವಾಗಿ ಕುಡಿಸಬಹುದು. ಕೈಯನ್ನು ಸೋಪಿನಿಂದ ತೊಳೆದು, ಕುದಿಸಿ ಆರಿಸಿದ ಮುಚ್ಚಳವಿರುವ ಸ್ಟೀಲು ಅಥವಾ ಗಾಜಿನ ಪಾತ್ರೆಗೆ ಹಾಲು ತೆಗೆಯಬೇಕು. ಹೊರಗೆ ತಂಪಾದ ಜಾಗದಲ್ಲಿಟ್ಟರೆ ನಾಲ್ಕು ಗಂಟೆಯೊಳಗೆ ಬಳಸಿರಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅಷ್ಟು ಹೊತ್ತೂ ಹೊರಗಿಡುವುದು ಬೇಡ. ಫ್ರಿಜ್ಜಿನ ಒಳಭಾಗದಲ್ಲಿಟ್ಟರೆ ಹೆಚ್ಚು ಕಾಲ ಉಳಿಯುತ್ತದೆಯಾದರೂ, ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಒಂದು ದಿನಕ್ಕಿಂತ ಮುಂದೆ ಇಡದಿರುವುದು ಕ್ಷೇಮ. ಕುಡಿಸುವ ಮೊದಲು ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿರಿ, ಒಲೆಯ ಮೇಲೆ ಕಾಯಿಸಬೇಡಿ. ಬಾಟಲಿಯ ಬದಲು ಒಳಲೆಯಲ್ಲೋ ಚಮಚದಲ್ಲೋ ಕುಡಿಸಿದರೆ ತೊಳೆಯುವುದು ಸುಲಭ, ಮಗು ಎದೆಯನ್ನು ಬಿಡುವ ಭಯವೂ ಕಡಿಮೆ. ಆ ವೇಳೆಗೆ ಮಗುವಿಗೆ ಆರು ತಿಂಗಳಾಗಿ ಮೆತ್ತಗಿನ ಊಟವೂ ಶುರುವಾಗಿರುತ್ತದೆ, ಜೊತೆಗೆ ಎರಡು ವರ್ಷದವರೆಗೂ ಅದರಾಚೆಗೂ ಎದೆಹಾಲು ಮುಂದುವರಿಸಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಕೆಲಸದ ಜಾಗದಲ್ಲಿ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳನ್ನು ಕಾನೂನು ಕೊಡುತ್ತದೆ. ಆಕೆಯ ಕಚೇರಿ ಮನೆಗೆ ಹತ್ತಿರವಿದ್ದರೆ, ಮಧ್ಯಾಹ್ನ ಮಗುವನ್ನು ಅಲ್ಲಿಗೆ ಎತ್ತಿಕೊಂಡು ಹೋಗಿ ಬರುವುದಕ್ಕೆ ಯಾರಿಗೆ ಬಿಡುವಿರುತ್ತದೆ ಎಂಬುದನ್ನು ತಾವೂ ತಮ್ಮ ತಾಯಿಯವರೂ ಈಗಲೇ ಮಾತಾಡಿಕೊಂಡಿರಿ.