ಹೆರಾಕ್ಲಿಟಸ್‌ನ ನದಿ: ಪಾಪರ್ ಓದು ಸರಿಯೋ, ಕರ್ಕ್ ಓದೋ?

ಪ್ರಶ್ನೆ
ಹೆರಾಕ್ಲಿಟಸ್ ಸಾಕ್ರಟೀಸ್‌ಗಿಂತ ಹಿಂದಿನ ಗ್ರೀಕ್ ಚಿಂತಕ. ಆಧುನಿಕ ತತ್ವಜ್ಞಾನಿ ಕಾರ್ಲ್ ಪಾಪರ್ ಓದಿದರೆ ಅವನೆಂದರೆ ಎಡೆಬಿಡದ ಬದಲಾವಣೆ. ಪ್ರಾಚೀನ ಗ್ರೀಕ್ ವಿದ್ವಾಂಸ ಕರ್ಕ್ ಓದಿದರೆ ಅವನು ಅಳತೆ, ಸಮತೋಲದ ಚಿಂತಕ. ಅವನ ಬರಹದಲ್ಲಿ ಉಳಿದಿರುವುದು ಬೇರೆಯವರು ಉದ್ಧರಿಸಿದ ನೂರಿಪ್ಪತ್ತು ಚಿಲ್ಲರೆ ತುಣುಕು. ಇಷ್ಟರಲ್ಲೇ ಇಷ್ಟೊಂದು ಅಂತರ ಹೇಗೆ? ಯಾರನ್ನು ನಂಬಬೇಕು?

ಉತ್ತರ 1
ಇಬ್ಬರೂ ಒಂದೇ ತುಣುಕಿನ ಮೇಲೆ ಭಾರ ಹಾಕಿಲ್ಲ. ಆ ತುಣುಕುಗಳಿಗೆ 'ಬಿ' ಸಂಖ್ಯೆ ಕೊಟ್ಟು ಜೋಡಿಸಿದ ಡೀಲ್ಸ್-ಕ್ರಾಂಟ್ಸ್ ಸಂಕಲನದಲ್ಲಿ ನದಿಯ ಮಾತು ಮೂರು ಕಡೆ ಬರುತ್ತದೆ. ಬಿ 12: ಅದೇ ನದಿಗಳಿಗೆ ಇಳಿಯುವವರ ಮೇಲೆ ಬೇರೆ ಬೇರೆ ನೀರು ಹರಿಯುತ್ತದೆ. ಬಿ 49ಎ: ಇಳಿಯುತ್ತೇವೆ, ಇಳಿಯುವುದಿಲ್ಲ. ಬಿ 91: ಒಂದೇ ನದಿಗೆ ಎರಡು ಸಲ ಇಳಿಯಲಾಗದು. ಎಲ್ಲರ ಬಾಯಲ್ಲಿರುವ ಈ ಕೊನೆಯದು ನಮಗೆ ಸಿಗುವುದು ಗ್ರೀಕ್ ಲೇಖಕ ಪ್ಲುಟಾರ್ಕ್‌ನಲ್ಲಿ, ಅಂದರೆ ಐದಾರು ಶತಮಾನ ಕಳೆದ ಮೇಲೆ. ಪ್ಲೇಟೋನ 'ಕ್ರಾಟಿಲಸ್' ಸಂವಾದದ 402ಎ ಸಾಲಿನ ನೆರಳು ಅದರ ಮೇಲಿದೆ. ಕರ್ಕ್ 1954ರಲ್ಲಿ ಬಿ 12 ಮಾತ್ರ ಮೂಲಕ್ಕೆ ಹತ್ತಿರ ಎಂದರು. ಅದರಲ್ಲಿ ನೀರು ಬದಲಾಗುತ್ತದೆ, ನದಿ ಉಳಿಯುತ್ತದೆ. ಅಳತೆಗೆ ತಕ್ಕಂತೆ ಹೊತ್ತಿ ಅಳತೆಗೆ ತಕ್ಕಂತೆ ಆರುವ ಬೆಂಕಿಯ ಬಿ 30 ಜೊತೆಗೆ ಇದು ಹೊಂದುತ್ತದೆ.

ಉತ್ತರ 2
ಬಿ 12 ಕೂಡ ಕೈಗೆ ನೇರವಾಗಿ ಬಂದದ್ದಲ್ಲ. ತತ್ವಜ್ಞಾನಿಗಳ ಮತಗಳನ್ನು ಸಂಗ್ರಹಿಸಿದ ಏರಿಯಸ್ ಡಿಡಿಮಸ್ ಹೇಳಿದ್ದನ್ನು ಕ್ರೈಸ್ತ ಇತಿಹಾಸಕಾರ ಯುಸೀಬಿಯಸ್ ಉಳಿಸಿದ್ದು, ಅದೂ ಸ್ಟೋಯಿಕ್ ಪಂಥದ ತತ್ವಜ್ಞಾನಿ ಕ್ಲಿಯಾಂಥೀಸ್ ಆತ್ಮದ ಬಗ್ಗೆ ಮಾಡಿದ ವಾದದ ನಡುವೆ. ತೇವದಿಂದ ಆತ್ಮಗಳು ಆವಿಯಾಗಿ ಏಳುತ್ತವೆ ಎಂಬ ಅದರ ಬಾಲ ಯಾರದು ಎನ್ನುವುದು ಇನ್ನೂ ಜಗಳದ ವಿಷಯ. ಇನ್ನೊಬ್ಬ ವಿದ್ವಾಂಸ ವ್ಲಾಸ್ಟೋಸ್ 1955ರಲ್ಲೇ ಕರ್ಕ್ ಆಯ್ಕೆಯನ್ನು ಒಪ್ಪಲಿಲ್ಲ.

ಯಾವುದೇ ಆಧುನಿಕ ವ್ಯಾಖ್ಯಾನ ಓದುವಾಗ ಅದು ನೆಚ್ಚಿಕೊಂಡ ತುಣುಕುಗಳ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಪ್ರತಿಯೊಂದನ್ನೂ ಯಾರು, ಯಾವ ವಾದಕ್ಕಾಗಿ ಉದ್ಧರಿಸಿದರು ಎಂದು ನೋಡಿ. ಹಲವರು ಎಡವುವುದು ಕ್ರಮದಲ್ಲಿ: ಡೀಲ್ಸ್ ಮೊದಲೆರಡನ್ನು ಬಿಟ್ಟು ಉಳಿದವನ್ನು ಹೆಚ್ಚುಕಡಿಮೆ ಉದ್ಧರಿಸಿದವರ ಹೆಸರಿನ ಅಕ್ಷರಮಾಲೆಯಂತೆ ಜೋಡಿಸಿದರು. ಹಾಗಾಗಿ ಬಿ 30ರ ಪಕ್ಕ ಬಿ 31 ಇದೆ ಎಂಬುದರಿಂದ ಹೆರಾಕ್ಲಿಟಸ್‌ನ ವಾದಸರಣಿ ಸಿಗುವುದಿಲ್ಲ. ವಿದ್ವಾಂಸ ಕಾನ್ 1979ರಲ್ಲಿ ತುಣುಕುಗಳನ್ನು ವಿಷಯವಾರು ಮರುಜೋಡಿಸಿದರು. ಓದಲು ಸೊಗಸು, ಆದರೆ ಆ ಜೋಡಣೆಯೇ ಒಂದು ವ್ಯಾಖ್ಯಾನ.

ಉತ್ತರ 3
ಪಾಪರ್ ಅವರನ್ನು ಬಿ 91ರ ಜೊತೆ ಮುಳುಗಿಸಬೇಡಿ. 1945ರ 'ದಿ ಓಪನ್ ಸೊಸೈಟಿ ಅಂಡ್ ಇಟ್ಸ್ ಎನಿಮೀಸ್' ಪುಸ್ತಕದಲ್ಲಿ ಅವರ ದಾಳಿ ಇತಿಹಾಸವಾದದ ಮೇಲೆ, ಅಂದರೆ ಇತಿಹಾಸ ನಿಗದಿತ ನಿಯಮಗಳಂತೆ ಸಾಗುತ್ತದೆ ಎಂಬ ನಂಬಿಕೆಯ ಮೇಲೆ. ಅಲ್ಲಿ ಹೆರಾಕ್ಲಿಟಸ್ ಆರೋಪಿಯ ಸ್ಥಾನದಲ್ಲಿ ನಿಂತಿದ್ದಾನೆ, ಆ ಓದನ್ನು ಅನುಮಾನದಿಂದಲೇ ನೋಡಬೇಕು. 1958ರ ಉಪನ್ಯಾಸದ ಪಾಪರ್ ಬೇರೆ. ಬದಲಾಗುತ್ತಲೇ ಒಂದು ವಸ್ತು ಅದೇ ಆಗಿ ಉಳಿಯುವುದು ಹೇಗೆ ಎಂಬ ಸಮಸ್ಯೆಯನ್ನು ಅಲ್ಲಿ ಎತ್ತುತ್ತಾರೆ. ಅದಕ್ಕೆ ಬಿ 12 ಸಾಕು. ಕರ್ಕ್ 1960ರಲ್ಲಿ 'ಮೈಂಡ್' ಪತ್ರಿಕೆಯಲ್ಲಿ ಕೊಟ್ಟ ಉತ್ತರವನ್ನು ಇದರ ಜೊತೆಗಿಟ್ಟು ಓದಿ, 1945ರದ್ದನ್ನು ಆಮೇಲೆ.